ಮನೆಯ ಬೆಲೆ ಯಾರದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಕಟ್ಟಿದ ಮೇಲೆ ವರ್ಷವರ್ಷವೂ ತೆರಬೇಕಾದ ಘರಪಟ್ಟಿಯ ಮಾತನ್ನು ಎತ್ತಲಿಲ್ಲ. ಪುಣೆಯ ಸದಾಶಿವ ಪೇಠದಲ್ಲಿ ನೆಲೆಸಿದ ನಮಗೆ ಆ ಮಾತು ತಪ್ಪಿದ್ದಲ್ಲ. ಹಳೆಯ ವಾಡೆಯನ್ನು ಕೆಡವಿ ಹೊಸ ಕಟ್ಟಡ ಎದ್ದಾಗ ಕರವೂ ಹೊಸದಾಗಿ ನಿಗದಿಯಾಗುತ್ತದೆ. ಪಟ್ಟಿಯ ಮೊತ್ತ ಏರುತ್ತದೆ. ಆಗ ನಾವು ಕೇಳುತ್ತೇವೆ: “ಮಾರುವವರಲ್ಲ, ವಾಸಿಸುವವರು ನಾವು. ಮನೆಯ ಬೆಲೆ ಏರಿದರೆ ನಮ್ಮ ಕೈಗೆ ಬಂದದ್ದೇನು?”

ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಬೆಲೆಯನ್ನು ಏರಿಸಿದವರು ಯಾರು? 18ನೆಯ ಶತಮಾನದಲ್ಲಿ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಕಾತ್ರಜದ ಕೆರೆಯ ನೀರನ್ನು ನೆಲದಡಿಯ ಕಾಲುವೆಯಿಂದ ಊರಿಗೆ ತಂದರು. 1916ರಲ್ಲಿ ಸ್ಥಾಪನೆಯಾದ ಕಾಲೇಜೊಂದು ಇಂದು ಸರ್ ಪರಶುರಾಮಭಾವೂ ಹೆಸರಿನಿಂದ ತಿಲಕ ರಸ್ತೆಯಲ್ಲಿ ನಿಂತಿದೆ. ರಸ್ತೆ, ದೀಪ, ಗಟಾರ, ಶಾಲೆ ಇವೆಲ್ಲ ಕೂಡಿ ಈ ಪೇಠಕ್ಕೆ ಬೆಲೆ ತಂದವು. ನಾವು ಗೋಡೆಗೆ ಸುಣ್ಣ ಬಳಿದಿರಬಹುದು. ನೆಲಕ್ಕೆ ಬೆಲೆ ತಂದದ್ದು ಊರು. ಆದ್ದರಿಂದ ಊರಿಗೆ ನಮ್ಮ ಋಣವಿಲ್ಲವೆನ್ನಲಾಗದು.

ಆದರೂ ಬೆಲೆ ಎಂಬುದು ರೊಕ್ಕವಲ್ಲ. ಪಿಂಚಣಿಯಲ್ಲಿ ದಿನ ಕಳೆಯುವ ವೃದ್ಧೆ ತನ್ನ ಮನೆಯ ಬೆಲೆಯಿಂದ ಅಕ್ಕಿ ತರಲಾರಳು. ಮನೆ ಎಷ್ಟು ಬಾಡಿಗೆ ತಂದೀತು ಎಂಬ ಅಂದಾಜಿನ ಮೇಲೆ ಪುಣೆಯಲ್ಲಿ ಕರ ಹಾಕುತ್ತಾರೆ. ಸ್ವತಃ ವಾಸಿಸುವವರಿಗೆ ಆ ಬಾಡಿಗೆ ಕಾಗದದ ಮೇಲಿನದು ಮಾತ್ರ. ಇದನ್ನರಿತೇ ಮಹಾನಗರಪಾಲಿಕೆ 1970ರಲ್ಲಿ ಸ್ವಂತ ವಾಸದ ಮನೆಗೆ 40 ಪ್ರತಿಶತ ರಿಯಾಯಿತಿ ಕೊಟ್ಟಿತು. ಮುಂದೆ ರಾಜ್ಯ ಸರಕಾರ ಅದನ್ನು ರದ್ದುಪಡಿಸಿತು. 2023ರಲ್ಲಿ ಮತ್ತೆ ಜಾರಿಗೆ ತಂದಿತು. ಬೆಂಗಳೂರಿನಲ್ಲಿ 2008ರಲ್ಲಿ ತಂದ ಪದ್ಧತಿಯೂ ಬಾಡಿಗೆಗೆ ಕೊಟ್ಟ ಮನೆಗಿಂತ ಸ್ವಂತ ವಾಸದ ಮನೆಗೆ ಕಡಿಮೆ ದರವನ್ನಿಟ್ಟಿತು.

ಹಾಗೆಂದು ಇದ್ದವರನ್ನು ಕಾಪಾಡುವುದೇ ಪೂರ್ಣ ನ್ಯಾಯವಾಗದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರ ಜನಮತದಿಂದ, ಮನೆ ಕೈ ಬದಲಾಗುವವರೆಗೆ ಕರದ ಮೌಲ್ಯ ವರ್ಷಕ್ಕೆ 2 ಪ್ರತಿಶತಕ್ಕಿಂತ ಹೆಚ್ಚು ಏರದಂತೆ ಕಟ್ಟು ಬಿತ್ತು. ಫಲವೇನು? ಅಕ್ಕಪಕ್ಕದ ಒಂದೇ ತೆರನಾದ ಎರಡು ಮನೆಗಳಲ್ಲಿ ಮೊದಲು ಬಂದವನಿಗೆ ಕಡಿಮೆ ಕರ, ನಿನ್ನೆ ಬಂದವನಿಗೆ ಹೆಚ್ಚು. ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಾವೂ ಒಂದು ದಿನ ನಿನ್ನೆ ಬಂದವರೇ ಆಗಿದ್ದೆವು. ಕೊನೆಗೆ ಬಂದವನ ಹೆಗಲ ಮೇಲೆ ಹೊರೆ ಹೊರಿಸುವ ನ್ಯಾಯವನ್ನು ನಾವಾದರೂ ಹೊಗಳಬಾರದು.

ಹಾಗಾದರೆ ದಾರಿ ಯಾವುದು? ಇದರಲ್ಲಿ ಎರಡು ಋಣಗಳಿವೆ ಎಂದು ನಮ್ಮ ತಿಳಿವಳಿಕೆ. ನೀರು, ಗಟಾರ, ಕಸದ ಖರ್ಚು ಇಂದಿನದು. ಅದನ್ನು ಎಲ್ಲರೂ ಇಂದೇ ತೆರಬೇಕು. ಏರಿದ ಬೆಲೆಯಲ್ಲಿ ಊರಿನ ಪಾಲು ಬೇರೆ. ಕೈಯಲ್ಲಿ ರೊಕ್ಕವಿಲ್ಲದ ಮುದುಕರಿಂದ ಅದನ್ನು ಮನೆ ಮಾರಿದಾಗ ಇಲ್ಲವೆ ಮಕ್ಕಳಿಗೆ ಬಂದಾಗ ಪಡೆದರೂ ನಡೆದೀತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವಯಸ್ಸಾದವರು ಕರವನ್ನು ಹೀಗೆ ಮುಂದಕ್ಕೆ ಹಾಕುವ ಏರ್ಪಾಡು ಉಂಟು.

ಇದು ಸರಕಾರದ ಕೆಲಸ. ನಮ್ಮ ಕೆಲಸವೂ ಒಂದಿದೆ. ಮಗ ಪರದೇಶದಲ್ಲಿ, ಫ್ಲ್ಯಾಟು ಬಾಡಿಗೆಗೆ. ಅರ್ಜಿಯಲ್ಲಿ ಮಾತ್ರ ‘ಸ್ವಂತ ವಾಸ’ — ಇಂಥ ಜಾಣತನವನ್ನು ನಮ್ಮ ನಡುವೆ ವ್ಯವಹಾರಜ್ಞಾನವೆಂದು ಮೆಚ್ಚುವವರಿದ್ದಾರೆ. ಆ ರಿಯಾಯಿತಿ ಹುಟ್ಟಿದ್ದು ಇರುವ ಮನೆಯ ಬಡವನಿಗಾಗಿ. ಬಾಡಿಗೆ ಎಣಿಸುವವನು ಅದನ್ನು ಪಡೆದರೆ, ನಾಳೆ ‘ಎಲ್ಲರೂ ಸುಳ್ಳುಗಾರರೇ’ ಎಂದು ಸರಕಾರ ಅದನ್ನು ಕಿತ್ತುಕೊಂಡಾಗ ಪೆಟ್ಟು ಬೀಳುವುದು ಆ ವೃದ್ಧೆಗೇ. ಕರದ ದರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಅದು ಗಟ್ಟಿಯಾಗಿ ನಿಲ್ಲುವುದು ಅರ್ಜಿಯಲ್ಲಿ ನಿಜ ಬರೆದ ಕೈಗೆ.