ಕೂಲಿಯಿಲ್ಲದ ಕೆಲಸವೂ ಕಾಯಕವೇ?

ಹಳೆ ಅಂಬಾಸಡರ್ ಕಾರಿನ ಮಡ್‌ಗಾರ್ಡ್ ಬಿಚ್ಚಿ, ಒಳಗಿನಿಂದ ಡಾಲಿ ಎಂಬ ಉಕ್ಕಿನ ತುಂಡನ್ನು ಒತ್ತಿಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ನೆಗ್ಗು ತೆಗೆಯುವುದನ್ನು ಕೆಲವರು ರಜಾದಿನಗಳಲ್ಲಿ ಕಲಿಯುತ್ತಾರೆ. ಹೊಟ್ಟೆಪಾಡಿಗಲ್ಲ, ಇಷ್ಟಕ್ಕೆ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನ ದಪ್ಪ ತಗಡು ಹೊಸಬರ ಕೈಯನ್ನು ತಾಳಿಕೊಳ್ಳುತ್ತದೆ.

ಇದು ಕಾಯಕವೋ, ಬರೀ ಶೋಕಿಯೋ?

12ನೇ ಶತಮಾನದ ಶರಣರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಅವರ ಕಾಯಕಕ್ಕೆ ದಾಸೋಹ ಜೋಡಿ. ನುಲಿಯ ಚಂದಯ್ಯ ಹಗ್ಗ ಹೊಸೆದು ಗಳಿಸಿದ್ದು ಜಂಗಮರ ಊಟಕ್ಕೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದಳು. ಗಳಿಕೆಯೇ ಇಲ್ಲದ ಹವ್ಯಾಸಿ ಹಂಚುವುದಾದರೂ ಏನನ್ನು?

ಆದರೆ ನೆಗ್ಗು ತೆಗೆದ ಮೇಲೆ ಬರುವ ಪುಟ್ಟಿಯ ಹಂತವನ್ನು ನೋಡಿ. ಹಾರ್ಡ್ನರ್ ಬೆರೆಸಿದ ಪುಟ್ಟಿ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಒಣಗಿದ ಮೇಲೆ 80ರ ಸ್ಯಾಂಡ್‌ಪೇಪರ್, ಆಮೇಲೆ 180, 320; ಪ್ರೈಮರ್ ಹೊಡೆದು ಮತ್ತೆ ವಾಟರ್‌ಪೇಪರ್. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಸಿಗುತ್ತದೆ. ತುಕ್ಕು ತೆಗೆಯದೆ ಪುಟ್ಟಿ ಮೆತ್ತಿದರೂ ಆ ದಿನಕ್ಕೆ ಬಣ್ಣ ಫಳಫಳ ಹೊಳೆಯುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಯಾರೂ ನೋಡದ ಆ ಪದರದಲ್ಲಿ ಪ್ರಾಮಾಣಿಕವಾಗಿರುವುದನ್ನು ಕಾಯಕದ ಅರ್ಧವೆಂದಾದರೂ ಒಪ್ಪಲೇಬೇಕು.

ಉಳಿದರ್ಧಕ್ಕೆ ಗ್ಯಾರೇಜಿನ ಕಡೆ ತಿರುಗಬೇಕು. ಬಣ್ಣದ ಮೇಲೆ ಹೊಡೆಯುವ ಎರಡು ಭಾಗದ (ಟೂ-ಕೆ) ಕ್ಲಿಯರ್‌ಕೋಟ್‌ನ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿನಲ್ಲಿ ಹೋದರೆ ಅಸ್ತಮಾ ಬರಬಹುದು. ಹವ್ಯಾಸಿ ತಕ್ಕ ಮಾಸ್ಕ್ ಕೊಳ್ಳಬಲ್ಲ. ಕರವಸ್ತ್ರ ಕಟ್ಟಿಕೊಂಡು ದಿನವಿಡೀ ಸ್ಪ್ರೇ ಮಾಡುವ ಹುಡುಗನಿಗೆ ಎಷ್ಟೋ ಕಡೆ ಅದು ಸಿಗುವುದಿಲ್ಲ. ಕೆಲಸ ಕಲಿಸಿದ ಮೇಸ್ತ್ರಿಗೂ ಆ ಹುಡುಗನಿಗೂ ಅಂಥ ಮಾಸ್ಕ್ ಕೊಡಿಸುವುದರಿಂದ ಹವ್ಯಾಸಿಯ ದಾಸೋಹ ಶುರುವಾಗಬಹುದು.