ಗ್ಲೂಕೋಸ್ ಬಾಟಲಿ ಮತ್ತು ಮನಸ್ಸಾಕ್ಷಿ

ಮೈಸೂರಿನ ಸರಸ್ವತಿಪುರಂನ ಯಾವುದಾದರೊಂದು ಸಣ್ಣ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಂಜೆ ಅರ್ಧ ಗಂಟೆ ಕುಳಿತು ನೋಡಿ. ವಯಸ್ಸಾದ ತಾಯಿಯನ್ನು ಆಟೋದಿಂದ ಇಳಿಸಿ, ಕೈಹಿಡಿದು ಕರೆತರುವ ಮಗನೊಬ್ಬ ಬಂದೇ ಬರುತ್ತಾನೆ. “ಸಿಸ್ಟರ್, ಅಮ್ಮನಿಗೆ ಎರಡು ದಿನದಿಂದ ತುಂಬಾ ಸುಸ್ತು. ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ, ಸ್ವಲ್ಪ ಶಕ್ತಿ ಬರಲಿ” ಎಂಬುದು ಅವನ ಕೋರಿಕೆ. ಆ ಮಾತಿನ ಹಿಂದಿರುವುದು ಪ್ರೀತಿಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ತಾಯಿಗೆ ಅದರ ಅಗತ್ಯವಿಲ್ಲವೆಂದು ಬಲ್ಲವರು ಏನು ಮಾಡಬೇಕು? ಕೇಳಿದ್ದನ್ನು ಕೊಟ್ಟು ಸಮಾಧಾನಪಡಿಸಬೇಕೇ? ಸತ್ಯವನ್ನು ಹೇಳಿ ನಿರಾಶೆಗೊಳಿಸಬೇಕೇ?

ಮೊದಲು ಬಾಟಲಿಯೊಳಗೆ ಏನಿದೆ ಎಂಬುದನ್ನು ನೋಡೋಣ. ಶೇ. 5ರ ಗ್ಲೂಕೋಸ್ ದ್ರಾವಣದ 500 ಮಿಲಿಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ ಮಾತ್ರ. ಸಕ್ಕರೆ ಬೆರೆಸಿದ ಒಂದು ಲೋಟ ಹಾಲಿನಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯಿದೆ, ಜೊತೆಗೆ ಪ್ರೋಟೀನೂ ಇದೆ. ಅಷ್ಟೇ ಅಳತೆಯ ಸಾಮಾನ್ಯ ಸಲೈನ್ ಬಾಟಲಿಯಲ್ಲಿರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ರೋಗವನ್ನು ಎದುರಿಸುವ ಶಕ್ತಿ ಇವೆರಡರಲ್ಲಿಯೂ ಇಲ್ಲ.

ಹಾಗಾದರೆ ಆ ಶಕ್ತಿ ಇರುವುದೆಲ್ಲಿ? ನಮ್ಮ ದೇಹದ ಮೊದಲ ಕೋಟೆ ಚರ್ಮ. ಅದನ್ನು ದಾಟಿ ಬಂದ ರೋಗಾಣುಗಳನ್ನು ಬಿಳಿರಕ್ತಕಣಗಳು ಸುತ್ತುವರಿದು ನುಂಗುತ್ತವೆ; ಜ್ವರ, ಬಾವುಗಳು ಬಹುಮಟ್ಟಿಗೆ ಈ ಹೋರಾಟದ ಕುರುಹುಗಳೇ. ಅನಂತರ ಲಿಂಫೋಸೈಟ್ ಎಂಬ ಕಣಗಳು ಆ ರೋಗಾಣುವನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಿ, ಅದರ ನೆನಪನ್ನು ಉಳಿಸಿಕೊಳ್ಳುತ್ತವೆ. ಇದಕ್ಕೆ ದಿನಗಳು, ವಾರಗಳು ಬೇಕು. ರೋಗ ಬರುವ ಮೊದಲೇ ಈ ಪಾಠವನ್ನು ಕಲಿಸುವುದು ಲಸಿಕೆ. ಈ ಪಾಠ ನಮ್ಮ ಊರಿಗೆ ಹೊಸದಲ್ಲ. ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದನೆನ್ನಲಾದ ಮೈಸೂರು ರಾಣಿಯರ ವರ್ಣಚಿತ್ರದಲ್ಲಿ ಕಿರಿಯ ರಾಣಿಯೊಬ್ಬರು ಸೆರಗು ಸರಿಸಿ ತೋಳನ್ನು ತೋರುವುದು, ಸಿಡುಬಿನ ಲಸಿಕೆ ಹಾಕಿಸಿಕೊಂಡುದನ್ನು ತಿಳಿಸಲೆಂದೇ ಎಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಪ್ರತಿರೋಧ ಶಕ್ತಿ ಆಹಾರ, ನಿದ್ರೆ, ಲಸಿಕೆಗಳ ಆಸರೆಯಲ್ಲಿ ನಿಧಾನವಾಗಿ ಬೆಳೆಯುತ್ತದೆ. ನಳಿಕೆಯ ಮೂಲಕ ಹನಿಹನಿಯಾಗಿ ಇಳಿದು ಬರುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಡ್ರಿಪ್ ಹಾಕಲು ಚುಚ್ಚುವ ಸೂಜಿ ಚರ್ಮವೆಂಬ ಆ ಕೋಟೆಯಲ್ಲಿಯೇ ಒಂದು ಬಾಗಿಲನ್ನು ತೆರೆಯುತ್ತದೆ. ಕೈ ತೊಳೆಯದೆ ಮುಟ್ಟಿದರೆ ಸೋಂಕು ನೇರವಾಗಿ ರಕ್ತವನ್ನು ಸೇರಬಹುದು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಿ ಹೆಚ್ಚಾದ ದ್ರವ ಶ್ವಾಸಕೋಶದಲ್ಲಿ ತುಂಬಿ ಉಸಿರಾಟವೇ ಕಷ್ಟವಾಗಬಹುದು. ಆದುದರಿಂದ “ಹಾಕಿದರೆ ನಷ್ಟವೇನು?” ಎಂಬ ಪ್ರಶ್ನೆ ನಾವೆಣಿಸಿದಷ್ಟು ಮುಗ್ಧವಲ್ಲ.

ಹಾಗೆಂದು ಡ್ರಿಪ್ಪನ್ನು ಹೀಗಳೆಯುವುದೂ ತಪ್ಪು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಡಾ. ಥಾಮಸ್ ಲಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿದಾಗ ಸಾವಿನಂಚಿನಲ್ಲಿದ್ದ ಕೆಲವರು ಬದುಕುಳಿದರು. ಇಂದು ನಮ್ಮೂರಿನಲ್ಲಿ ಕಾಣುವ ಡೆಂಗೆಯಲ್ಲಿಯೂ ಹೀಗೆಯೇ. ಅದು ಉಲ್ಬಣಿಸಿದಾಗ ದೇಹದ ಪ್ರತಿರೋಧವೇ ಮಿತಿಮೀರಿ, ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಜ್ವರ ಇಳಿಯುವ ಹೊತ್ತಿಗೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಮಂಪರು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು. ಅಲ್ಲಿ ಅಳೆದು ಕೊಡುವ ದ್ರವವೇ ಜೀವ. ಅಳತೆ ಮೀರಿದರೆ ಅದೇ ಅಪಾಯ.

ಮತ್ತೆ ಆ ತಾಯಿಯ ಬಳಿಗೆ ಬರೋಣ. “ಡ್ರಿಪ್ ಹಾಕಿಸಿಕೊಂಡ ಮೇಲೆ ಹಾಯೆನಿಸಿತು” ಎಂದು ಅವರು ಹೇಳುತ್ತಾರಲ್ಲ, ಅದು ಸುಳ್ಳೇ? ಸುಳ್ಳಲ್ಲ. ಬಾಟಲಿ ಮುಗಿಯುವವರೆಗೆ ಎರಡು ಗಂಟೆ ಕಾಲ ಮಗ ಪಕ್ಕದಲ್ಲಿಯೇ ಕುಳಿತಿದ್ದನು. ತಂಗಿಯಿಂದ ಫೋನ್ ಬಂದಿತು. ದಾದಿ ಎರಡು ಬಾರಿ ಬಂದು “ಹೇಗಿದ್ದೀರಮ್ಮ?” ಎಂದು ಕೇಳಿದಳು. ಎಷ್ಟೋ ತಿಂಗಳಿಂದ ಆ ತಾಯಿಗೆ ದೊರೆಯದಿದ್ದುದು ಬಹುಶಃ ಇದೇ ಅಲ್ಲವೇ? ನಾವು ಕೊಡಲಾರದ ಸಮಯವನ್ನು ಬಾಟಲಿಯ ಹೆಸರಿನಲ್ಲಿ ಕೊಡುತ್ತಿದ್ದೇವೆ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲೈನ್ ಸಾಲದೆ ಹೋಯಿತು. ಆಗ ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇ. 30ರ ಆಸುಪಾಸಿನಲ್ಲಿದ್ದ ಮರಣ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಸೂಜಿಯಿಲ್ಲದಿದ್ದಲ್ಲಿ ಪಕ್ಕದಲ್ಲಿ ಕುಳಿತವರ ಕೈಯ ಲೋಟವೇ ಜೀವ ಉಳಿಸಿತು.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿ ದಾದಿಯರಾಗಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. “ಇವರಿಗೆ ಡ್ರಿಪ್ ಬೇಡ, ಸುಸ್ತಿಗೆ ಕಾರಣವೇನೆಂದು ಡಾಕ್ಟರು ಪರೀಕ್ಷಿಸಲಿ” ಎಂದು ಅವರು ಹೇಳಿದಾಗ ಮುನಿಯಬೇಡಿ. ಹಾಗೆ ಹೇಳುವುದಕ್ಕೆ ಸೂಜಿ ಚುಚ್ಚುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಬರಿಯ “ಬೇಡ” ಎಂದು ಕಳುಹಿಸದೆ, ಕಾರಣವನ್ನು ತಾಳ್ಮೆಯಿಂದ ತಿಳಿಸುವುದು ಅವರ ಕರ್ತವ್ಯವೂ ಹೌದು. ಇನ್ನು ನಾವು ಮನೆಗೆ ಬಂದು ಒಂದು ಬಟ್ಟಲು ಗಂಜಿ ಕಾಯಿಸಿ, ತಾಯಿಯ ಮಂಚದ ಬಳಿ ಆ ಎರಡು ಗಂಟೆ ಕುಳಿತುಕೊಳ್ಳೋಣ. ಅದಕ್ಕೆ ಯಾರ ಚೀಟಿಯೂ ಬೇಕಾಗಿಲ್ಲ.