ಒಂಟಿಗಣ್ಣಿನ ಆಕಾಶ

ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಕೊಂಡ ತಗಡಿನ ವಿಮಾನವೊಂದು ನನ್ನ ಬಳಿ ಇತ್ತು. ಅದನ್ನು ಕೈಯಲ್ಲಿ ಹಿಡಿದು ಅಂಗಳದ ತುಂಬ ಓಡಿದವಳಲ್ಲ ನಾನು. ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಅದನ್ನಿಟ್ಟು, ಕೆನ್ನೆ ನೆಲಕ್ಕೆ ತಾಗುವಂತೆ ಮಲಗಿ, ಒಂದು ಕಣ್ಣು ಮುಚ್ಚುತ್ತಿದ್ದೆ. ಮುಚ್ಚಿದ ಕೂಡಲೇ ವಿಮಾನ ದೊಡ್ಡದಾಗುತ್ತಿತ್ತು. ಗಾರೆ ನೆಲವೇ ರನ್‌ವೇ, ಆಚೆ ಗೋಡೆಗೆ ಒರಗಿಸಿದ್ದ ಒನಕೆ ಯಾವುದೋ ಗೋಪುರ. ಇನ್ನೊಂದು ಕಣ್ಣನ್ನೂ ತೆರೆದರೆ ಮತ್ತೆ ಗೇಣುದ್ದದ ತಗಡು. ಹಾಗೇಕೆ ಆಗುತ್ತದೆಂದು ಆಗ ಕೇಳಿಕೊಳ್ಳಲಿಲ್ಲ. ಉತ್ತರ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ, ಇನ್ನೊಂದು ಆಟಿಕೆ ವಿಮಾನದ ಮುಂದೆ ಕ್ಯಾಮೆರಾ ಹಿಡಿದು ಕೂತಾಗ.

ಈ ಆಟಿಕೆ ಜಪಾನಿನ ಕಥೆಯೊಂದರದು. 1982ರ ಅಕ್ಟೋಬರ್‌ನಲ್ಲಿ ಅಲ್ಲಿನ ಟಿ.ವಿ.ಯಲ್ಲಿ ಶುರುವಾದ ‘ಮ್ಯಾಕ್ರಾಸ್’ ಎಂಬ ಆನಿಮೇಷನ್ ಧಾರಾವಾಹಿಯ ಯುದ್ಧವಿಮಾನ, ವಿಎಫ್-1 ವ್ಯಾಲ್ಕಿರಿ. ಅದನ್ನು ರೂಪಿಸಿದ ಶೋಜಿ ಕವಾಮೊರಿ ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ಕಥೆಯಲ್ಲಿ ಅದು ಹಾರುತ್ತಲೇ ಕೈಕಾಲು ಚಾಚಿ ರೋಬಾಟ್ ಆಗಿಬಿಡುತ್ತದೆ. ಆದರೆ ವಿಮಾನದ ರೂಪದಲ್ಲಿರುವಾಗ ಅದರಲ್ಲಿ ಅಮೆರಿಕದ ನೌಕಾಪಡೆಯ ಎಫ್-14 ಟಾಮ್‌ಕ್ಯಾಟ್‌ನ ಛಾಯೆ ಎದ್ದು ಕಾಣುತ್ತದೆ: ಹಿಂದಕ್ಕೆ ಮಡಚಿಕೊಳ್ಳುವ ರೆಕ್ಕೆ, ಜೋಡಿ ಬಾಲ, ಉದ್ದನೆಯ ಮೂತಿ. ಹಾರಬಹುದಿತ್ತಲ್ಲ ಅನ್ನಿಸುವಂಥದ್ದು. ಅದಕ್ಕೇ ನನಗದು ಇಷ್ಟ. ಕಥೆಯ ಲೆಕ್ಕದಲ್ಲಿ ಅದರ ಉದ್ದ 14.23 ಮೀಟರ್. ನನ್ನ ಕೈಯಲ್ಲಿರುವುದು ಅದರ ಅರುವತ್ತನೇ ಒಂದು ಪಾಲು, 24 ಸೆಂಟಿಮೀಟರಿಗೆ ತುಸು ಕಡಿಮೆ.

ಇದನ್ನು ನಮ್ಮ ಊರಿನ ಆಕಾಶದಲ್ಲಿ ಹಾರಿಸಿ ನೋಡಬೇಕೆಂಬುದು ಆಸೆ. ಆಕಾಶಕ್ಕೇನೂ ಕೊರತೆಯಿರಲಿಲ್ಲ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತ ಬಂದಿದೆ. ಪ್ರದರ್ಶನಕ್ಕೆ ಕೆಲವು ದಿನ ಮೊದಲೇ ಅಭ್ಯಾಸ ಶುರುವಾಗಿ, ಸದ್ದು ಕೇಳಿದೊಡನೆ ಪಾತ್ರೆ ತೊಳೆಯುತ್ತಿದ್ದವರೂ ಒದ್ದೆಗೈಯಲ್ಲೇ ತಾರಸಿಗೆ ಓಡುತ್ತಾರೆ. 2025ರ ಫೆಬ್ರುವರಿಯಲ್ಲಿ ನಾನು ತೇಜಸ್ಸನ್ನೂ ಸುಖೋಯ್‌ಯನ್ನೂ ಮನಸಾರೆ ತೆಗೆದೆ. ಅವು ಹೋದ ಮೇಲೆ ಉಳಿದ ಖಾಲಿ ಆಕಾಶವನ್ನೂ ತೆಗೆದಿಟ್ಟುಕೊಂಡೆ: ಕರಗುತ್ತಿರುವ ಹೊಗೆಯ ಗೆರೆ, ತಿರುಗಿ ಬಂದ ಹದ್ದು, ಕೆಳಗೆ ನೀರಿನ ಟ್ಯಾಂಕುಗಳ ಸಾಲು. ಆ ಖಾಲಿ ಜಾಗಕ್ಕೆ ನನ್ನ ವಿಮಾನ.

ಮೊದಲ ಚಿತ್ರ ರಾತ್ರಿ ಊಟದ ಮೇಜಿನ ಮೇಲೆ ಆಯಿತು. ಟೇಬಲ್ ಲ್ಯಾಂಪ್, ಹಿಂದೆ ನೀಲಿ ಕಾಗದ, ಒಂದು ಮೊಳ ದೂರದಲ್ಲಿ ಕ್ಯಾಮೆರಾ. ಕಂಪ್ಯೂಟರಿನಲ್ಲಿ ವಿಮಾನವನ್ನಷ್ಟೇ ಬಿಡಿಸಿ ಆಕಾಶಕ್ಕೆ ಅಂಟಿಸಿದೆ. ಅಂಚು ಎಷ್ಟು ನಾಜೂಕಾಗಿ ಕತ್ತರಿಸಿದ್ದೆನೆಂದರೆ ಸಂದು ಎಲ್ಲಿದೆಯೆಂದು ನನಗೇ ಸಿಗುತ್ತಿರಲಿಲ್ಲ. ಮಗಳು ಹಿಂದಿನಿಂದ ಹಾದುಹೋಗುತ್ತ, ನಿಲ್ಲದೆಯೇ, “ಅಮ್ಮಾ, ಆಟಿಕೆ ಚೆನ್ನಾಗಿ ಬಂದಿದೆ” ಅಂದಳು.

ಅವಳಿಗೆ ಹೇಳಿದ್ದು ಯಾವುದು? ವಿವರವಂತೂ ಕಡಿಮೆಯಿರಲಿಲ್ಲ. ಒಂದೊಂದು ಗೆರೆಯೂ, ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಈ ಪ್ರಶ್ನೆ ಹಿಡಿದು ಹೊರಟವಳಿಗೆ ತಿಂಗಳುಗಳೇ ಬೇಕಾದವು. ಕಲಿತದ್ದು ವಿಮಾನದ ಬಗ್ಗೆ ಸ್ವಲ್ಪ, ವಿಮಾನದ ಸುತ್ತ ಇರುವುದರ ಬಗ್ಗೆ ಬಹಳ.

ದೂರದ ವಿಷಯ ಮೊದಲು ಗೊತ್ತಾಯಿತು. ಆಟಿಕೆಯಿಂದ ಕ್ಯಾಮೆರಾ 40 ಸೆಂಟಿಮೀಟರ್ ದೂರದಲ್ಲಿತ್ತು. ಅರುವತ್ತರಿಂದ ಗುಣಿಸಿದರೆ 24 ಮೀಟರ್. 14 ಮೀಟರ್ ಉದ್ದದ ವಿಮಾನ ನಮ್ಮ ಕಡೆ ಮೂತಿ ಮಾಡಿ 24 ಮೀಟರ್ ದೂರದಲ್ಲಿದ್ದರೆ, ಬಾಲ 38 ಮೀಟರ್ ದೂರದಲ್ಲಿರುತ್ತದೆ. ಮೂತಿ ಉಬ್ಬಿ ಬಾಲ ಸೊರಗುತ್ತದೆ. ನಮ್ಮ ತಾರಸಿಯಿಂದ ಕಾಣುವ ವಿಮಾನಗಳೋ 300 ಮೀಟರಿಗಿಂತ ಹತ್ತಿರ ಬರುವುದೇ ಅಪರೂಪ. ಅಷ್ಟು ದೂರದಲ್ಲಿ ಮೂತಿಗೂ ಬಾಲಕ್ಕೂ ಇರುವ ಹದಿನಾಲ್ಕು ಮೀಟರಿನ ಅಂತರ ಲೆಕ್ಕಕ್ಕೇ ಬಾರದು. ಲೆನ್ಸ್ ಯಾವುದೇ ಇರಲಿ, ಆಕಾರವನ್ನು ತೀರ್ಮಾನಿಸುವುದು ನಿಂತ ಜಾಗ. ಹಾಗಾದರೆ 300ನ್ನು 60ರಿಂದ ಭಾಗಿಸಬೇಕು: ಐದು ಮೀಟರ್. ಆಟಿಕೆಯನ್ನು ಊಟದ ಮೇಜಿನಿಂದ ಎಬ್ಬಿಸಿ, ತಾರಸಿಯ ಒಂದು ಮೂಲೆಯಲ್ಲಿ ಬಿದಿರುಗಳಕ್ಕೆ ತಂತಿ ಕಟ್ಟಿ ಏರಿಸಿ, ಐದು ಮೀಟರ್ ಹಿಂದೆ ಸರಿದು ಉದ್ದನೆಯ ಲೆನ್ಸಿನಲ್ಲಿ ನೋಡಿದೆ. ಮೊಣಕೈ ಮಡಚಿಕೊಂಡು ಕೂತಿದ್ದ ವಿಮಾನ ಮೈಚಾಚಿ ನಿಂತ ಹಾಗಾಯಿತು.

ನನ್ನ ಬಾಲ್ಯದ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರ್ ಚಿಲ್ಲರೆ ಅಂತರ. ಹತ್ತಿರದ ವಸ್ತುವನ್ನು ಅವು ಎರಡು ಬೇರೆ ಬೇರೆ ಕಡೆಯಿಂದ ಕಾಣುತ್ತವೆ. ಆ ವ್ಯತ್ಯಾಸದಿಂದಲೇ ಮಿದುಳಿಗೆ ಅದು ಹತ್ತಿರದ್ದು, ಹಾಗಾಗಿ ಚಿಕ್ಕದು ಎಂದು ತಿಳಿಯುತ್ತದೆ. ದೂರದ ವಿಮಾನವಾದರೆ ಎರಡೂ ಕಣ್ಣಿಗೆ ಒಂದೇ ಚಿತ್ರ. ಒಂದು ಕಣ್ಣು ಮುಚ್ಚಿದ ಹುಡುಗಿ ಆ ವ್ಯತ್ಯಾಸವನ್ನು ಮುಚ್ಚಿ, ತಗಡನ್ನು ದೂರಕ್ಕೆ ಕಳಿಸುತ್ತಿದ್ದಳು. ಕ್ಯಾಮೆರಾ ಹುಟ್ಟಿನಿಂದಲೇ ಒಂಟಿಗಣ್ಣಿನದು. ಅದರ ಮುಂದೆ ಯಾವ ವಸ್ತುವೂ ತನ್ನ ಗಾತ್ರವನ್ನು ತಾನಾಗಿ ಹೇಳಲಾರದು. ಸುತ್ತಲಿನವು ಸಾಕ್ಷಿ ನುಡಿಯಬೇಕು.

ಎರಡನೆಯ ಸಾಕ್ಷಿ ಬೆಳಕು. ಮೇಜಿನ ದೀಪದಿಂದ ಮೂತಿ ಅರ್ಧ ಮೀಟರ್ ದೂರದಲ್ಲಿದ್ದರೆ, ಹಿಂದಿರುವ ಬಾಲಕ್ಕೆ ಸಿಗುವುದು ಅರ್ಧಕ್ಕಿಂತ ಕಡಿಮೆ ಬೆಳಕು. ಸೂರ್ಯ ಹಾಗಲ್ಲ. ಹದಿನೈದು ಕೋಟಿ ಕಿಲೋಮೀಟರ್ ದೂರದವನಿಗೆ 24 ಸೆಂಟಿಮೀಟರೂ ಒಂದೇ, 14 ಮೀಟರೂ ಒಂದೇ. ಬಾಲದ ನೆರಳು ರೆಕ್ಕೆಯ ಮೇಲೆ ಬಿದ್ದಾಗ ಅದರ ಅಂಚು ಎಷ್ಟು ಮಸುಕಾಗುತ್ತದೆ ನೋಡಿ: ನಿಜವಾದ ವಿಮಾನದಲ್ಲಿ ಎಷ್ಟೋ, ಆಟಿಕೆಯಲ್ಲಿ ಸರಿಯಾಗಿ ಅದರ ಅರುವತ್ತನೇ ಒಂದು ಪಾಲು. ದೊಡ್ಡದು ಚಿಕ್ಕದೆಂಬ ಭೇದ ಎಣಿಸದ ಬೆಳಕು ನಮಗೆ ಸಿಗುವುದು ಅವನೊಬ್ಬನಿಂದ. ಇದು ತಿಳಿದ ದಿನ ನಾನು ಸುಮ್ಮನೆ ತಾರಸಿಯಲ್ಲಿ ನಿಂತು ನನ್ನ ನೆರಳನ್ನು, ಪಾರಪೆಟ್ಟಿನ ನೆರಳನ್ನು, ಇರುವೆ ಸಾಲಿನ ನೆರಳನ್ನು ಬಹಳ ಹೊತ್ತು ನೋಡಿದೆ.

ಆದರೆ ಅವನಿಗೆ ಅವನದೇ ಪಂಚಾಂಗ. ಆಕಾಶ ತೆಗೆದದ್ದು ಫೆಬ್ರುವರಿಯ ಬೆಳಗಿನ ಹತ್ತು ಗಂಟೆಗೆ. ಆಟಿಕೆ ತೆಗೆಯಲು ಹೊರಟದ್ದು ಏಪ್ರಿಲ್ ಕೊನೆಯಲ್ಲಿ, ಬೆಂಗಳೂರಿನಲ್ಲಿ ಮಧ್ಯಾಹ್ನ ನೆರಳೇ ಮಾಯವಾಗುವ ದಿನಗಳಲ್ಲಿ. ಅದೇ ಹತ್ತು ಗಂಟೆಗೆ ತೆಗೆದರೂ ಬಿಸಿಲು ಹೊಂದಲಿಲ್ಲ. ಮೋಡದ ಬೆಳಗಿದ ಅಂಚು ಒಂದು ಹೊತ್ತು ಹೇಳಿದರೆ ರೆಕ್ಕೆಯ ನೆರಳು ಇನ್ನೊಂದು ಹೊತ್ತು ಹೇಳುತ್ತಿತ್ತು. ಫೆಬ್ರುವರಿಯ ಆ ಎತ್ತರಕ್ಕೆ ಏಪ್ರಿಲ್‌ನಲ್ಲಿ ಸೂರ್ಯ ಸುಮಾರು ಒಂದು ಗಂಟೆ ಮೊದಲೇ ಏರಿರುತ್ತಾನೆಂದು ಲೆಕ್ಕ ಹಾಕಿ, ಒಂಬತ್ತಕ್ಕೆ ತಾರಸಿ ಹತ್ತತೊಡಗಿದೆ. ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದ್ದೆವು. ಅದರ ಪ್ರತಿಫಲನಕ್ಕೆ ವಿಮಾನದ ಹೊಟ್ಟೆ ಬೆಳ್ಳಗೆ ಬೆಳಗುತ್ತಿತ್ತು. ಗೋಣಿತಾಟು ಹಾಸಿದೆ, ಹೊಟ್ಟೆಗೆ ಮಣ್ಣಿನ ಕಂದು ಬಂತು. ಮೋಡಗಳ ಮೇಲೆ ಹಾರುವ ಚಿತ್ರಕ್ಕೆ ಮಾತ್ರ ಗೋಣಿ ತೆಗೆದು ಅಪ್ಪನ ಹಳೆಯ ಪಂಚೆ. ವಿಮಾನ ಯಾವ ನೆಲದ ಮೇಲಿದೆಯೆಂಬುದು ಅದರ ಹೊಟ್ಟೆಯ ಬಣ್ಣದಲ್ಲಿ ಬರೆದಿರುತ್ತದೆ.

ಬೇರೆ ಬೇರೆ ಹೊತ್ತಿನ ಎರಡು ಚಿತ್ರಗಳನ್ನು ಒಂದಾಗಿಸುವ ಈ ಕಷ್ಟ ಛಾಯಾಗ್ರಹಣದಷ್ಟೇ ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳನ್ನು ತೆಗೆಯುತ್ತಿದ್ದಾಗ, ಆಗಿನ ಗಾಜಿನ ಪ್ಲೇಟುಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೀರು ಸರಿಬಂದರೆ ಆಕಾಶ ಬರಿ ಬಿಳುಪಾಗುತ್ತಿತ್ತು. ಆತ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಮಾಡಿಕೊಂಡು, ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಮುದ್ರಿಸಿದ. ಒಂದೇ ಆಕಾಶ ಅವನ ಎರಡು ಬೇರೆ ಸಮುದ್ರಗಳ ಮೇಲೆ ಕಾಣುವುದೂ ಉಂಟು. ಕಣ್ಣಿಗೆ ಕಂಡದ್ದನ್ನೇ ತೋರಿಸಲು ಅವನಿಗೆ ಜೋಡಣೆ ಬೇಕಾಯಿತು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ದೂರ ಸರಿಹೋಯಿತು, ಬಿಸಿಲು ಸರಿಹೋಯಿತು. ಆದರೂ ವಿಮಾನ ಆಕಾಶದ ಮುಂದೆ ಇತ್ತು, ಆಕಾಶದಲ್ಲಿರಲಿಲ್ಲ. ಪಕ್ಕದಲ್ಲಿ ಸುಖೋಯ್ ಚಿತ್ರ ಇಟ್ಟುಕೊಂಡು ನೋಡಿದೆ. ಗಾಳಿ ಒಳಹೋಗುವ ಅದರ ಬಾಯಿ ಕಪ್ಪು ಎಂದೇ ನಂಬಿದ್ದೆ. ಕಂಪ್ಯೂಟರಿನಲ್ಲಿ ಅಳೆದರೆ ಅದು ಕಪ್ಪಲ್ಲ, ಬೂದಿ ಕಲೆಸಿದ ನೀಲಿ. ಅದಕ್ಕೂ ನನಗೂ ನಡುವೆ ಮುನ್ನೂರು ಮೀಟರ್ ಗಾಳಿ, ಫೆಬ್ರುವರಿಯ ಧೂಳು. ಆಟಿಕೆಗೂ ನನಗೂ ನಡುವೆ ಐದು ಮೀಟರ್. ಸೂರ್ಯನಂತೆ ಗಾಳಿ ಉದಾರಿಯಲ್ಲ. ಅದನ್ನು ಅರುವತ್ತರಿಂದ ಭಾಗಿಸಲಾಗದು. ವಿಮಾನದ ಅತಿ ಕಪ್ಪು ಭಾಗಗಳನ್ನು ಆ ಬೂದಿನೀಲಿಯ ಮಟ್ಟಕ್ಕೆ ತಂದೆ, ಹೊಳಪನ್ನು ತಗ್ಗಿಸಿದೆ. ಅಷ್ಟೇ ಮಾಡಿದ್ದು. ವಿಮಾನ ತಟಕ್ಕನೆ ಹಿಂದೆ ಸರಿದು ಆಕಾಶದೊಳಗೆ ಹೋಯಿತು. ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಇಷ್ಟು ವರ್ಷ ಚಿತ್ರ ತೆಗೆದರೂ ನಡುವಿನ ಗಾಳಿಯನ್ನು ನಾನು ನೋಡಿಯೇ ಇರಲಿಲ್ಲ. ಈಗ ನಂದಿಬೆಟ್ಟವನ್ನು ದೂರದಿಂದ ಕಂಡಾಗಲೂ ನನ್ನ ಕಣ್ಣು ಮೊದಲು ಹೋಗುವುದು ಬೆಟ್ಟಕ್ಕಲ್ಲ, ಅದರ ಮುಂದೆ ನಿಂತ ಗಾಳಿಗೆ.

ಭಾಗಿಸಲಾಗದ ಇನ್ನೊಂದು ವಸ್ತು ನೀರು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಪ್ರಾಣಿಯದೆಂದು 1934ರಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪ್ರಕಟಿಸಿದ ಚಿತ್ರವನ್ನು ಜಗತ್ತೆಲ್ಲ ಕಂಡಿದೆ. ಉದ್ದ ಕುತ್ತಿಗೆ, ಪುಟ್ಟ ತಲೆ. ಅದು ಆಟಿಕೆಯ ಸಬ್‌ಮರೀನಿಗೆ ಕುತ್ತಿಗೆ ಮೆತ್ತಿ ತೇಲಿಬಿಟ್ಟದ್ದೆಂದು ಜನಕ್ಕೆ ತಿಳಿದದ್ದು 1994ರಲ್ಲಿ, ಅರುವತ್ತು ವರ್ಷಗಳ ನಂತರ. ಪ್ರಸಿದ್ಧವಾದದ್ದು ಕುತ್ತಿಗೆಯ ಸುತ್ತ ಬಿಗಿಯಾಗಿ ಕತ್ತರಿಸಿದ ಚಿತ್ರ. ಪೂರ್ತಿ ಚಿತ್ರದಲ್ಲಿ ಸುತ್ತಲಿನ ನೀರಿನ ಅಲೆಗಳ ಮುಂದೆ ಆ ಪ್ರಾಣಿ ತೀರಾ ಸಣ್ಣದು. ಸಾಕ್ಷಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ ಹಾಗೆ.

ಈ ಕಥೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ನನ್ನ ಕೈಯಲ್ಲಿರುವುದೂ ಆಟಿಕೆ, ನಾನು ಮಾಡುತ್ತಿರುವುದೂ ನಂಬಿಸುವ ಕೆಲಸ. ಒಮ್ಮೆ ನನ್ನ ಚಿತ್ರವೊಂದು ನೆಂಟರ ವಾಟ್ಸಾಪ್ ಗುಂಪಿಗೆ ಹೋಗಿ, ಅಲ್ಲಿಂದ “ನಮ್ಮ ದೇಶದ ಹೊಸ ಯುದ್ಧವಿಮಾನ” ಎಂಬ ಒಕ್ಕಣೆ ಹೊತ್ತು ತಿರುಗಿ ನನಗೇ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಚಿತ್ರದ ಒಂದು ಮೂಲೆಯಲ್ಲಿ ‘ಆಟಿಕೆ, ಜೋಡಿಸಿದ ಚಿತ್ರ’ ಎಂದು ಅಳಿಸಲಾಗದಂತೆ ಬರೆಯುತ್ತೇನೆ. ಬರೆದ ಮೇಲೆ ಗೊತ್ತಾದದ್ದು, ಅದರಿಂದ ನೋಡುವ ಸುಖ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ ಎಂಬುದು.

ಯಾಕೆ ಕಡಿಮೆಯಾಗುವುದಿಲ್ಲ? ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಶ್ರೀಶಂಕುಕನ ಚಿತ್ರತುರಗ ನ್ಯಾಯ ನೆನಪಿರಬಹುದು. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಅನ್ನುತ್ತೇವೆ. ಅದು ನಿಜಜ್ಞಾನವಲ್ಲ, ಸುಳ್ಳು ತಿಳಿವಳಿಕೆಯೂ ಅಲ್ಲ, ಸಂಶಯವಲ್ಲ, ಕುದುರೆಯ ಹಾಗಿದೆ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಸೇರದ ಐದನೆಯ ಬಗೆಯ ಅರಿವು. ಶಂಕುಕನ ಗ್ರಂಥ ಉಳಿದಿಲ್ಲ, ಅಭಿನವಗುಪ್ತನಿಂದ ಅವನ ಮಾತು ನಮಗೆ ತಿಳಿದಿದೆ. ಮುಂದೆ ಆ ವಾದವನ್ನು ಖಂಡಿಸಿದವರೂ ಉಂಟು. ಆದರೂ ಅವನು ಗುರುತಿಸಿದ ಆ ಐದನೆಯ ಜಾಗ ಇದೆ ಎಂದು ನನ್ನ ಅನುಭವ ಹೇಳುತ್ತದೆ. ವಾಟ್ಸಾಪಿನ ಒಕ್ಕಣೆ ನೋಡುಗನನ್ನು ಆ ಜಾಗದಿಂದ ಎಳೆದು ಎರಡನೆಯದಕ್ಕೆ, ಬರಿ ಸುಳ್ಳಿಗೆ, ತಳ್ಳಿತ್ತು. ಮೂಲೆಯ ಬರಹ ಅವನನ್ನು ಮತ್ತೆ ಐದನೆಯದಕ್ಕೆ ಕರೆತಂದು ಕೂರಿಸುತ್ತದೆ. ಗಾರೆ ನೆಲದ ಮೇಲೆ ಮಲಗಿದ ಹುಡುಗಿ ಅಲ್ಲೇ ಇದ್ದಳು. ತಗಡೆಂದು ಅವಳಿಗೆ ಒಂದು ಕ್ಷಣವೂ ಮರೆತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ದೊಡ್ಡ ಪ್ರಿಂಟ್ ಹಾಕಿಸಿ ಸೋದರಮಾವನಿಗೆ ತೋರಿಸಿದೆ. ಮಾವ ಎಚ್‌ಎಎಲ್‌ನಲ್ಲಿ ಬಹಳ ವರ್ಷ ಜಾಗ್ವಾರ್ ವಿಮಾನಗಳ ಓವರ್‌ಹಾಲ್ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದು ನೋಡಿದರು.

“ಬೆಳಕು ಚೆನ್ನಾಗಿ ಕೂತಿದೆ ಕಣಮ್ಮ. ಆದರೆ ಈ ತಗಡಿನ ಸಂದುಗಳು ಇಷ್ಟು ಅಗಲ ಇರಲ್ಲ. ಬೆರಳೇ ತೂರುತ್ತಲ್ಲ. ನಮ್ಮ ಇನ್‌ಸ್ಪೆಕ್ಟರು ಹ್ಯಾಂಗರ್ ಬಿಟ್ಟು ಹೊರಗೆ ಕಳಿಸ್ತಿರಲಿಲ್ಲ.”

ಲೆಕ್ಕ ಹಾಕಿದರೆ ಹೌದು. ಆಟಿಕೆಯ ಮೇಲೆ 0.3 ಮಿಲಿಮೀಟರ್ ಗೆರೆ, ಅಂದರೆ ಆಕಾಶದಲ್ಲಿ 18 ಮಿಲಿಮೀಟರ್ ಬಿರುಕು. ನಾನು ಹೆಮ್ಮೆಪಟ್ಟಿದ್ದ ಆ ಸ್ಪಷ್ಟ ಗೆರೆಗಳೇ ಮಗಳಿಗೆ ಅದನ್ನು ಆಟಿಕೆಯೆಂದು ಹೇಳಿದ್ದವು. ಅವನ್ನು ಮಸುಕು ಮಾಡಬೇಕಿತ್ತು.

“ಇನ್ನೇನು ಮಾವ?”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇದನ್ನ ಯಾರೂ ಮುಟ್ಟೇ ಇಲ್ಲವಲ್ಲಮ್ಮ,” ಅಂದರು.

ಬ್ರಿಟನ್ನಿನ 1965ರ ‘ಥಂಡರ್‌ಬರ್ಡ್ಸ್’ ಬೊಂಬೆ ಧಾರಾವಾಹಿಗೆ ಮಾದರಿ ವಿಮಾನಗಳನ್ನು ಹಾರಿಸಿದ ಡೆರೆಕ್ ಮೆಡಿಂಗ್ಸ್ ಹೊಸ ಮಾದರಿಗಳಿಗೆ ಎಣ್ಣೆಯ ಕಲೆ, ಹೊಗೆಯ ಮಸಿ ಬಳಿಯುತ್ತಿದ್ದುದನ್ನು ನಾನು ಓದಿದ್ದೆ. ಆ ಪ್ರಕಾರ ನಾನೂ ನನ್ನ ವಿಮಾನಕ್ಕೆ ಅಲ್ಲಲ್ಲಿ ಕೊಳೆ ಮಾಡಿದ್ದೆ. ಮಾವ ಅದನ್ನೇ ತೋರಿಸಿ ತಲೆಯಾಡಿಸಿದರು. ಕೊಳೆ ಎಲ್ಲೆಂದರಲ್ಲಿ ಆಗುವುದಿಲ್ಲವಂತೆ. ಪದೇ ಪದೇ ತೆಗೆದು ಹಾಕುವ ಮುಚ್ಚಳದ ಸ್ಕ್ರೂಗಳ ಸುತ್ತ ಬಣ್ಣ ಸವೆಯುತ್ತದೆ, ವರ್ಷಕ್ಕೊಮ್ಮೆ ತೆಗೆಯುವ ಮುಚ್ಚಳ ಹೊಸದರ ಹಾಗೇ ಇರುತ್ತದೆ. ಎಣ್ಣೆ ಸೋರಿದ್ದು ನಿಂತಾಗ ಕೆಳಕ್ಕೆ, ಹಾರುವಾಗ ಹಿಂದಕ್ಕೆ ಹರಿದಿರುತ್ತದೆ. ಬಗ್ಗಿ ನೋಡುವವನು ಕೈಯೂರುವ ಜಾಗ ಒಂದೇ. ಯಾರು ಬಂದರೂ ಅಲ್ಲೇ ಊರುತ್ತಾರೆ. ಹೇಳುತ್ತ ಹೇಳುತ್ತ ಅವರ ಕೈ ಗಾಳಿಯಲ್ಲಿ ಅದೃಶ್ಯ ಜಾಗ್ವಾರ್ ಒಂದರ ಮೈ ಸವರುತ್ತಿತ್ತು.

ಆಟಿಕೆ ತರಲು ಹೇಳಿದರು. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಪೆನ್ಸಿಲ್ ಕೇಳಿದರು. ಎಂದೂ ಯಾರೂ ಹತ್ತದ ಆ ವಿಮಾನದ ಎಡಮಗ್ಗುಲಲ್ಲಿ, ಕಾಕ್‌ಪಿಟ್ಟಿನ ಕೆಳಗೆ, ಸಣ್ಣದೊಂದು ಚುಕ್ಕೆ ಇಟ್ಟರು. “ಹತ್ತೋನು ಎಡಗಾಲು ಇಲ್ಲಿ ಇಡಬೇಕು. ಬೇರೆ ದಾರಿ ಇಲ್ಲ ಅವನಿಗೆ. ಬೂಟಿನ ತುದಿ ಉಜ್ಜಿ ಉಜ್ಜಿ ಇಲ್ಲಿ ಬಣ್ಣ ಹೋಗಿರುತ್ತೆ.” ಮತ್ತೆ ಏನೋ ಹೊಳೆದವರಂತೆ ನನ್ನ ಕಡೆ ನೋಡಿ, “ಇದರ ಪೈಲಟ್ ಎಷ್ಟು ಎತ್ತರ ಅಂತ ಇದೆ?” ಎಂದು ಕೇಳಿದರು.

ಐದೂಮುಕ್ಕಾಲು ಅಡಿ ಇರಲಿ ಅಂದುಕೊಂಡು ಲೆಕ್ಕ ಹಾಕಿದೆ. ಮೂರು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಸ್ಕೇಲು ಹಿಡಿದು ತೋರಿಸಿದೆ. ಮಾವ ಆ ಅಳತೆಯನ್ನು ವಿಮಾನದ ಪಕ್ಕಕ್ಕೆ ಹಿಡಿದು ನೋಡಿ, ಹಾಕಿದ್ದ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ತುಸು ಕೆಳಗೆ ಇನ್ನೊಂದನ್ನು ಇಟ್ಟರು.